ಕೆಳಗಿನ ಚೀಟಿ

ಈ ಊರಲ್ಲಿ ಮನೆಬಾಗಿಲಿಗೆ ನಂಬರಿಲ್ಲ.
ನಂಬರೇನಿದ್ದರೂ ಬೀದಿಯವರೆಗೆ. ಒಳಗೆ ಬಂದರೆ
ಸಾಲಾಗಿ ಹನ್ನೆರಡು ತಗಡಿನ ಡಬ್ಬಿ:
ಹೆಸರಿದ್ದವರಿಗೆ ಕಾಗದ, ಇಲ್ಲದವರಿಗೆ ಇಲ್ಲ.
ಲೈಪ್‌ಜಿಗ್‌ನ ಲೆಕ್ಕ ಅಷ್ಟು ನೇರ.

ನನ್ನದನ್ನು ಅಂಟಿಸಿದ್ದು ಮಾರ್ಚಿನಲ್ಲಿ.
ವೋಯ್ಟ್. ಕೆಮ್ಮಿದಷ್ಟರಲ್ಲಿ ಮುಗಿಯುವ ಹೆಸರು.
ಅದರ ಕೆಳಗೆ, ಅಂಚು ಹಳದಿಗಟ್ಟಿದ ಚೀಟಿಯಲ್ಲಿ,
ಎರ್ಡ್‌ಮೂಟೆ ಲೋಬೆಕ್.
ಕೀಳೋಣ ಅಂದುಕೊಂಡೆ. ಅವತ್ತು ಉಗುರು ಕತ್ತರಿಸಿದ್ದೆ.
ಆಮೇಲೆ ಉಗುರು ಬೆಳೆಯಿತು.
ನಾನು ಕೀಳಲಿಲ್ಲ.

ಹಾಗಾಗಿ ಬರುತ್ತಲೇ ಇವೆ.
ಕನ್ನಡಕದಂಗಡಿಯವನು ಕೇಳುತ್ತಾನೆ
ಎರಡು ವರ್ಷವಾಯಿತಲ್ಲ, ಕಣ್ಣು ಹೇಗಿದೆ?
ಉಣ್ಣೆ ನೂಲಿನ ಕೆಟಲಾಗು, ಗರ್ಭಿಣಿಯಷ್ಟು ದಪ್ಪ,
ನನ್ನ ಕರೆಂಟ್ ಬಿಲ್ಲನ್ನು ಮೂಲೆಗೊತ್ತಿ ಕೂತಿರುತ್ತದೆ.
ಮೀನು ಹಿಡಿಯುವ ಲೈಸೆನ್ಸು ಮುಗಿಯಿತೆಂದು ಒಂದು ಕಾಗದ.
(ಮೀನೂ ಹಿಡಿಯುತ್ತಿದ್ದಳೇ?)
ನನಗೆ ಬರುವುದೆಲ್ಲ ಬಾಕಿ.
ಅವಳಿಗೆ ಕುಶಲಪ್ರಶ್ನೆ.

ಮೊದಮೊದಲು ಪ್ರಾಮಾಣಿಕಳಾಗಿದ್ದೆ.
‘ಇವರು ಇಲ್ಲಿಲ್ಲ’ ಎಂದು ಬರೆದು
ಮೂಲೆಯ ಹಳದಿ ಪೆಟ್ಟಿಗೆಗೆ ಹಾಕಿ ಬರುತ್ತಿದ್ದೆ.
ಚೀಲದಲ್ಲಿ ಕಟ್ಟಿ ದೂರದ ಬೀದಿಗೆ ಬಿಟ್ಟುಬಂದ ಬೆಕ್ಕಿನ ಹಾಗೆ
ಗುರುವಾರದ ಹೊತ್ತಿಗೆ ಅವೇ ಬಾಗಿಲಲ್ಲಿ.
ಅಂಚೆಯವಳು ಸಿಲ್ಕೆ, ಸೈಕಲ್ಲಿಂದ ಇಳಿಯದೇ ಹೇಳಿದಳು:
‘ಹೆಸರಿದೆ, ಹಾಕುತ್ತೇನೆ.’

ಈಗ ಶೂ ಡಬ್ಬಿ ತುಂಬಿ, ಬಟ್ಟೆಚೀಲ ತುಂಬಿ,
ಕೋಟುಗಳ ಕೆಳಗೊಂದು ಮೂಟೆ.

ಎಲ್ಲಿಗೆ ಹೋದಳು?
ಕೆಳಮನೆಯ ಹೆಂಪೆಲ್: ‘ರೋಸ್ಟಾಕ್‌ಗೆ. ಸಮುದ್ರ ಬೇಕಂತೆ.’
ಮೇಲ್ಮನೆಯವನು: ‘ಎಲ್ಲಿಗೂ ಇಲ್ಲ. ಯಾರ ಜತೆಗೋ.’
ಇಬ್ಬರೂ ನನ್ನ ಮುಖ ನೋಡದೇ ಹೇಳಿದರು.

ನಾನಂತೂ ಅವಳಿಗೆ ಬಿಳಿಗೂದಲು ಕೊಟ್ಟಿದ್ದೆ,
ಮೊಣಕಾಲು ನೋವು, ಕೈಗೊಂದು ಕೋಲು,
ಮೊಳಕೈ ಊರಲು ಕಿಟಕಿಯಲ್ಲೊಂದು ದಿಂಬು.
ಜೂನಿನಲ್ಲಿ ವಿಮೆಯವರ ಕಾರ್ಡು ಬಂತು, ಲಕೋಟೆಯಿಲ್ಲದೆ:
ನಲವತ್ತು ತುಂಬಿದ್ದಕ್ಕೆ ಶುಭಾಶಯ.
ನನಗಿಂತ ಮೂರು ತಿಂಗಳು ಚಿಕ್ಕವಳು!
ಕೊಟ್ಟ ಕೋಲು ಕಿತ್ತುಕೊಂಡೆ.
ಕೂದಲಿಗೆ ಯಾವ ಬಣ್ಣ ಅಂತ ಯೋಚಿಸುತ್ತ
ಟ್ರಾಮನ್ನು ಒಂದು ನಿಲ್ದಾಣ ದಾಟಿಸಿಬಿಟ್ಟೆ.
ಹಿಂದಿನಿಂದ ಜನ ಬೈದರು. ಬೈಯಲಿ,
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಆಮೇಲೆ ಬಂದದ್ದು ತೋಟದ ಸಂಘದ ಕಾರ್ಡು.
ಕಾರ್ಡಿಗೆ ಬಾಗಿಲಿಲ್ಲ, ಓದದೇ ಹೇಗಿರಲಿ?
‘ತುಂಡು ಎಪ್ಪತ್ತಾರು. ನಿಮ್ಮ ಬೇಲಿ
ಸೊಂಟಕ್ಕಿರಬೇಕಾದ್ದು ತಲೆ ಮೀರಿದೆ.
ಕೊನೆಯ ಎಚ್ಚರಿಕೆ.’

ಭಾನುವಾರ ರಜೆಯಿತ್ತು.
ಕತ್ತರಿ ಹೆಂಪೆಲ್‌ಳದು. ಯಾಕೆ ಅಂತ ಅವಳು ಕೇಳಲಿಲ್ಲ.
ಹೊರಗೆ ದಾರಿಯಲ್ಲೇ ನಿಂತು ಕತ್ತರಿಸಿದೆ.
ಒಳಗೆ ಕಾಲಿಡಲಿಲ್ಲ, ಇದನ್ನು ಹೇಳಿಬಿಡಬೇಕು.
ಬೇಲಿ ಇಳಿದಂತೆ ಒಂದೊಂದೇ ಕಂಡವು:
ಮಡಚಿದ ಕುರ್ಚಿ, ಕಾಡು ಬೆಳೆದ ಪುದೀನ,
ನೀಲಿ ಬಣ್ಣ ಅರ್ಧಕ್ಕೇ ನಿಂತ ಗುಡಿಸಲು.
ಉಳಿದರ್ಧಕ್ಕೆ ಬರುತ್ತೇನೆಂದು ಹೋದ ಹಾಗಿತ್ತು.

ಪಕ್ಕದ ತುಂಡಿನ ಮುದುಕ, ಓರ್ಟ್‌ವಿನ್,
ಬಿಸಿಲಿಗೆ ಕೈ ಅಡ್ಡ ಹಿಡಿದು ಕೂಗಿದ:
‘ಲೋಬೆಕ್! ಎರಡು ವರ್ಷ ಎಲ್ಲಿದ್ದೆ?’

ಕತ್ತರಿ ಬಾಯಿ ತೆರೆದೇ ಇತ್ತು.
‘ಮನೇಲಿ’ ಅಂದೆ.

ಅವನು ಬುಟ್ಟಿ ತುಂಬ ಪ್ಲಮ್ ಕೊಟ್ಟ.
ಹತ್ತಿರ ಬಂದಾಗ ಕಣ್ಣು ಕಿರಿದಾಗಿಸಿ
ನೋಡಿದ, ತಿಳಿಯಿತು ಅವನಿಗೆ.
ಬುಟ್ಟಿ ಮಾತ್ರ ವಾಪಸ್ ಕೇಳಲಿಲ್ಲ.

ರಾತ್ರಿ ಜಾಮ್ ಕುದಿಸಿದೆ. ಒಂಬತ್ತು ಸೀಸೆ.
ಕಿಟಕಿಯ ಗಾಜು ಬೆವರಿ ಬೀದಿ ಮಸುಕಾಯಿತು.
ಒಂದೊಂದಕ್ಕೂ ಚೀಟಿ ಅಂಟಿಸಿ, ಪೆನ್ನು ಹಿಡಿದು
ಎಷ್ಟೋ ಹೊತ್ತು ಕೂತಿದ್ದೆ.
ಕೊನೆಗೆ ಹಣ್ಣಿನ ಹೆಸರು ಮಾತ್ರ ಬರೆದೆ.