ಮರ ಐತೇನ್ರಿ, ಆಚಾರ್ರೆ?

ಪೀಠ ಮಾಡೋನು ನಾನು.
ಮೂರಡಿ ಎತ್ತರ, ಒಂದಡಿ ಅಗಲ, ಬಿಳೀ ಬಣ್ಣ ಎರಡು ಕೋಟು.
ಮೇಲೆ ಕೂತದ್ದಕ್ಕೆ ಹೆಸರಿನ ಚೀಟಿ, ಬೆಲೆ, ಒಂದು ದೀಪ.
ಕೆಳಗೆ ನಿಂತದ್ದಕ್ಕೆ ಏನೂ ಇಲ್ಲ. ಇರಲಿ,
ಕೂಲಿ ಬರುತ್ತದೆ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ
ಹತ್ತಿ ಗೋದಾಮು ಈಗ ಗ್ಯಾಲರಿ.
ಕೊನೆಯ ಅಂಡಿಗೆ ಹೋಗಿ ಎಷ್ಟೋ ವರ್ಷವಾದರೂ
ಜಂತಿಯಿಂದ ಇನ್ನೂ ಅರಳೆ ಉದುರುತ್ತದೆ
ಕಂಚಿನ ಕುದುರೆಯ ಕಿವಿಗೆ,
ಬಾಯಿ ತೆರೆದ ಫೈಬರ್ ಮನುಷ್ಯನ ನಾಲಿಗೆಗೆ.
ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ,
ಸಂಜೆಗೆ ಮತ್ತೆ ಎಲ್ಲರಿಗೂ ನರೆ.

ಈ ಸಲ ಗಾಜು ಬಂತು.
ಮಂಡಕ್ಕಿ ಭಟ್ಟಿಯ ಹುಡುಗಿ ಶಾಹಿರಾ
ಗಿರಣಿಯ ಒಡೆದ ಕಿಟಕಿಗಳನ್ನು ಆರಿಸಿ ತಂದು
ಕಾಲೇಜಿನ ಕುಲುಮೆಯಲ್ಲಿ ಮೆತ್ತಗೆ ಮಾಡಿ
ಅವ್ವನ ಬಲಗೈಯ ಅಚ್ಚಿನ ಮೇಲೆ ಬಾಗಿಸಿದ್ದಳು.
ಮೊಣಕೈಯಿಂದ ಬೆರಳ ತುದಿಯವರೆಗೂ
ಹಸಿರು ಅಂಚಿನ, ನಿಂತ ನೀರಿನಂಥ ಗಾಜು.
ಒಳಗೆ ಸಿಕ್ಕಿಬಿದ್ದ ಗುಳ್ಳೆಗಳು,
ಬಿಸಿ ಮರಳು ಸಿಡಿದು ಅವ್ವನಿಗೆ ಎಲ್ಲೆಲ್ಲಿ ಕಲೆಯೋ
ಅಲ್ಲಲ್ಲೇ.

ಪೆಟ್ಟಿಗೆಯಲ್ಲಿ ಥರ್ಮಾಕೋಲ್ ಇರಲಿಲ್ಲ.
ಎರಡು ಚೀಲ ಮಂಡಕ್ಕಿ ಸುರಿದು
ಅದರೊಳಗೆ ಕೈ ಹೂತಿಟ್ಟು ತಂದಿದ್ದರು.
ನಾನು ಒಂದು ಹಿಡಿ ಬಾಯಿಗೆ ಎತ್ತಿದೆ.
'ಬ್ಯಾಡ್ರಿ!' ಎಂದಳು ಹುಡುಗಿ.
ಆಟೋ ಎಲ್ಲೋ ಹಂಪಿನ ಮೇಲೆ ಹಾರಿತ್ತು.
ಗಾಜಿನ ಕೈಗೆ ಕಿರುಬೆರಳ ತುದಿ ಇರಲಿಲ್ಲ.

ಅವಳು ಅಳಲಿಲ್ಲ. ಗೋಡೆಗೆ ಒರಗಿ
ಚೀಟಿಯ ಮೇಲಿನ ಬೆಲೆಯನ್ನು
ಉಗುರಿನಿಂದ ಕೆರೆಯುತ್ತ ನಿಂತಳು.
ಉದ್ಘಾಟನೆಗೆ ಜನ ಬರತೊಡಗಿದ್ದರು.

ಆಗ ಅವ್ವ, ಖಾಸಿಂಬೀ, ನನ್ನ ಹತ್ತಿರ ಬಂದು
'ಮರ ಐತೇನ್ರಿ, ಆಚಾರ್ರೆ?' ಅಂದಳು.
ಐತಲ್ಲ, ಎಂದು
ಉಳಿದ ಸಾಗುವಾನಿ ತುಂಡು ತಂದು ತೋರಿಸಿದೆ.
ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟಳು:
'ಇದರಾಗ ಕೇರ್ತಾರೇನ್ರಿ?'

ಹಿಂದಿನ ಚಹಾದಂಗಡಿಯಿಂದ ಬಿದಿರಿನ ಮರ ಬಂತು.
ಗೋದಾಮಿನ ನಟ್ಟನಡುವೆ, ದೀಪ ಬೀಳುವಲ್ಲಿ
ಕಾಲು ಚಾಚಿ ಕೂತು ಕೇರಿದಳು.
ಹಗುರದ್ದು ಹಾರಿ ಮುಂದಕ್ಕೆ,
ಭಾರದ್ದು ಸರಿದು ತನ್ನ ಕಡೆಗೆ.
ಮೇಲಿನಿಂದ ಅರಳೆ, ಕೆಳಗಿನಿಂದ ಮಂಡಕ್ಕಿ,
ನಡುವೆ ಬಿಳುಪೋ ಬಿಳುಪು.
ಜನ ಸುತ್ತುಗಟ್ಟಿ ಫೋನು ಎತ್ತಿದರು.
ಜವಳಿ ಅಂಗಡಿಯ ಸಾಹುಕಾರರೊಬ್ಬರು ನನ್ನ ಕಿವಿಯಲ್ಲಿ
'ಇದರ ಚೀಟಿ ಎಲ್ಲಯ್ಯಾ?' ಎಂದರು.

ನಾನೇನು ಬಲ್ಲವನೇ?
ಭಟ್ಟಿಯ ಹೆಂಗಸು, ಕಾಳು ಚೆಲ್ಲಲಾರಳು,
ಮಂಡಕ್ಕಿ ಉಳಿಸಿಕೊಳ್ಳುತ್ತಿದ್ದಾಳೆ ಅಂತಲೇ ತಿಳಿದಿದ್ದೆ.
ಹಾರಿದ್ದರ ಕಡೆ ಅವಳು ನೋಡಲೂ ಇಲ್ಲ.
ಎರಡೂ ಚೀಲ ಕಸಬರಿಗೆಗೆ ಬಿಟ್ಟು,
ಹಿಂದಂಚಿನಲ್ಲಿ ಉಳಿದದ್ದನ್ನು ಬೆರಳಲ್ಲಿ ಆರಿಸಿದಳು:
ಎರಡು ಚೂರು, ಒಂದು ಉಗುರು.
ತನ್ನ ಕಿರುಬೆರಳಿಗೆ ಹಿಡಿದು ಅಳತೆ ನೋಡಿ
'ನಂದು ಇಷ್ಟು ನೆಟ್ಟಗಿಲ್ಲ' ಅಂದಳು ಮಗಳಿಗೆ.

ಅಂಟು ಹಾಕಲಿಲ್ಲ.
ಕೈಯಿಂದ ತುಸು ದೂರ, ಹಾಗೇ ಇಟ್ಟರು.
ಉಗುರು ಮೆಲ್ಲಗೆ ಜಾರಿತು.
ಪೀಠ ಎಡಕ್ಕೆ ಒಂದು ನೂಲು ಓರೆ,
ಯಾರಿಗೂ ಕಾಣದ್ದು ಅದಕ್ಕೆ ಗೊತ್ತಾಗಿತ್ತು.
ಬೆಲೆ ಕೆರೆದು ಹಾಳಾದ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ
ಕೆಳಗೆ ತೂರಿಸಿದೆ.

ರಾತ್ರಿ ಬೀಗ ಹಾಕಿ ಅಂಗಿ ಕೊಡವಿದಾಗ
ಜೇಬಿನಿಂದ ಅಂಗೈಗೆ ಒಂದು ಬಿತ್ತು, ಬೆಳ್ಳಗೆ, ಉದ್ದಕ್ಕೆ.
ಬೀದಿ ದೀಪಕ್ಕೆ ಹಿಡಿದೆ.
ಹೊಳೆಯಿತು.
ಹೊಸ ಮಂಡಕ್ಕಿಯೂ ಹೊಳೆಯುತ್ತದೆ ಬಿಡಿ.
ಹಲ್ಲಿಗಿಟ್ಟು ನೋಡುವ ಧೈರ್ಯ ಬರಲಿಲ್ಲ.