ಒತ್ತಕ್ಷರಕ್ಕೂ ಜಾಗ ಬಿಡಿ

ಎಸ್.ಪಿ. ರೋಡು, ಎರಡನೇ ಮಹಡಿ,
ಏಣಿಯಷ್ಟು ಕಡಿದಾದ ಮೆಟ್ಟಿಲು,
ಮೇಲೆ ಬೀರುವಿನಷ್ಟೇ ಅಗಲದ ಅಂಗಡಿ.
ಖಾಕಿಯಲ್ಲೇ ಹೋಗಿದ್ದೆ,
ಸೆಕೆಂಡ್ ಶಿಫ್ಟಿಗೆ ಇನ್ನೂ ಒಂದೂವರೆ ಗಂಟೆ ಇತ್ತು.
ಇ-ಬುಕ್ ರೀಡರ್ ಬೇಕಿತ್ತು, ಹಳೇದಾದ್ರೂ ಸರಿ, ಅಂದೆ.
ಜಬೀವುಲ್ಲಾ ನನ್ನ ಚರ್ಮದ ಬ್ಯಾಗು ನೋಡಿದ.
ಮಗಳಿಗಾ ಎಂದು ಕೇಳಲಿಲ್ಲ, ಅದು ಅವನ ದೊಡ್ಡತನ.
ನೀವು ಹೇಗೆ ಓದ್ತೀರ ಮೇಡಂ, ಅಂದ.

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಇದನ್ನ.
ಏನು ಓದ್ತಿದ್ದೀಯ ಎಂದು ಚೆಕಿಂಗಿನವರು ಕೇಳಿದ್ದರು,
ಕೈಯಲ್ಲಿ ಮೆಮೋ ಹಿಡಿದು.
ಯಾಕೆ ಓದ್ತೀಯ ಎಂದು ಅತ್ತೆ, ಸಾಯುವ ತನಕ.
ಹೇಗೆ?

ನಿಂತು, ಅಂದೆ.
ಬಲಗೈ ಕಂಬಿಗೆ, ಎಡಗೈ ಪುಸ್ತಕಕ್ಕೆ,
ಕೊನೇ ಸ್ಟಾಪಿನಲ್ಲಿ ಬಸ್ಸು ಖಾಲಿಯಾಗಿ
ಚಿಕ್ಕೀರಯ್ಯ ಟೀ ಕುಡಿದು ಬರುವ ತನಕ.
ಅವನು ದೊಡ್ಡ ಪರದೆಯದನ್ನು ಸುಮ್ಮನೆ ಒಳಗಿಟ್ಟ.
ಬಿಸಿಲು ಬೀಳತ್ತಾ?
ನಾಯಂಡಹಳ್ಳಿಯ ಎರಡೂವರೆ ಗಂಟೆಯ ಬಿಸಿಲಪ್ಪ,
ಅಕ್ಷರವೆಲ್ಲ ಹಪ್ಪಳ ಆಗ್ತವೆ.
ಗಾಜಿನ ಹಾಗೆ ಹೊಳೆಯುತ್ತಿದ್ದುದೂ ಹೋಯಿತು.
ಮತ್ತೆ ಮನೆಯಲ್ಲಿ, ರಾತ್ರಿ?
ಮನೆಯಲ್ಲಿ ಕೂತರೆ ನಿದ್ದೆ ಬರತ್ತೆ.
ಹಾಗಾದ್ರೆ ಒಳಗಿನ ಲೈಟಿಗೆ ದುಡ್ಡು ಕೊಡಬೇಡಿ, ಅಂದ.

ಹೆಬ್ಬೆರಳು ತೋರಿಸಿದೆ.
ಟಿಕೆಟು ಹರಿದು ಹರಿದು ತುದಿ ಸವೆದಿದೆ,
ಡಿಪೋದ ಹಾಜರಿ ಯಂತ್ರಕ್ಕೇ ನಾನು ಯಾರೋ.
ಗುಂಡಿ ಇರೋದು ಕೊಡು. ಒತ್ತಿದರೆ ಟಕ್ ಅನ್ನಬೇಕು.

ಹೇಳದೆ ಬಿಟ್ಟದ್ದೂ ಇದೆ.
ನನಗೆ ಪುಟದ ನಂಬರು ನೆನಪಿರುವುದಿಲ್ಲ, ಸ್ಟೇಜು ನೆನಪಿರುತ್ತದೆ.
ಆ ಹುಡುಗಿ ಪತ್ರ ಸುಟ್ಟದ್ದು ಲಗ್ಗೆರೆ ಸೇತುವೆಯ ಮೇಲೆ,
ಮುದುಕ ಸತ್ತದ್ದು ಸುಮನಹಳ್ಳಿ ಸಿಗ್ನಲ್ಲಿನಲ್ಲಿ;
ಅಲ್ಲಿ ಬಸ್ಸು ನಿಂತಾಗ ಈಗಲೂ
ಚಿಲ್ಲರೆ ಎಣಿಸುವುದು ತಪ್ಪುತ್ತದೆ.
ಗುರುತಿಗೆ, ಯಾರೋ ಸೀಟಲ್ಲಿ ಬಿಟ್ಟು ಇಳಿದ
ಸೊನ್ನೆ ರೂಪಾಯಿಯ ಟಿಕೆಟು.
ಲೈಬ್ರರಿಯಾತ ಪುಸ್ತಕ ಕೊಡವಿ ಬೈಯುತ್ತಾನೆ.

ಕೌಂಟರಿನ ಮೇಲೆ ಮೂರು ಉಳಿದವು.
ಕನ್ನಡ ತೋರಿಸು, ಅಂದೆ.
ಮೊದಲನೆಯದರಲ್ಲಿ ಬರೀ ಖಾಲಿ ಡಬ್ಬಿ,
ಮುಷ್ಕರದ ದಿನ ಡಿಪೋದಲ್ಲಿ ಸಾಲು ನಿಂತ ಬಸ್ಸಿನ ಹಾಗೆ.
ಎರಡನೆಯದರಲ್ಲಿ ನನ್ನ ಹೆಸರೇ ಬರೆಸಿದೆ.
ಎದೆಯ ಬಿಲ್ಲೆಯಲ್ಲಿ ದ್ರಾಕ್ಷಾಯಿಣಿ,
ಪರದೆಯಲ್ಲಿ
ದ್‌ರಾಕ್‌ಷಾಯಿಣಿ.
ಒತ್ತುಗಳು ಫುಟ್‌ಬೋರ್ಡಿನಿಂದ ಜಾರಿ
ರಸ್ತೆಯಲ್ಲಿ ನಿಂತಿದ್ದವು, ಚಪ್ಪಲಿ ಕಳಕೊಂಡವರಂತೆ.

ಅರ್ಥ ಆಗತ್ತಲ್ಲ ಮೇಡಂ, ಅಂದ.
ಅರ್ಥ ಆಗತ್ತೆ. ಆದರೂ ಬೇಡ.
ಇಷ್ಟು ವರ್ಷ ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಕೂಗಿದವಳು ನಾನು,
ಒಬ್ಬರ ಕಾಲು ಹೊರಗಿದ್ದರೂ ರೈಟ್ ಹೇಳಿಲ್ಲ.

ಮೂರನೆಯದರ ಮೂಲೆ ಜಖಂ ಆಗಿತ್ತು.
ಸ್ವಾತಂತ್ರ್ಯ ಎಂದು ಬರೆಸಿದೆ, ಬೇಕೆಂದೇ.
ತ-ದ ಕಾಲಿಗೆ ರ, ಅದರ ಸೊಂಟಕ್ಕೆ ಯ,
ಒತ್ತಿಕೊಂಡು, ತೂರಿಕೊಂಡು,
ಬೆಳಗಿನ ಎಂಟೂವರೆಯ ಟ್ರಿಪ್ಪಿನ ಹಾಗೆ ನಿಂತವು.
ಯಾರೂ ಬೀಳಲಿಲ್ಲ.
ನಾಲ್ಕೂವರೆ ಸಾವಿರ. ಮೂರು ವಾರದ ಓಟಿ.
ನೋಟು ಎಣಿಸುವಾಗ ಅವನೇ ಹೇಳಿದ,
ನಿಮ್ಮಷ್ಟು ಬೇಗ ಎಣಿಸೋರನ್ನ ನೋಡಿಲ್ಲ.

ಈಗ ಗೊರಗುಂಟೆಪಾಳ್ಯ. ಎಂಜಿನ್ ಆಫ್.
ಟಕ್. ಇನ್ನೊಂದು ಟಕ್.
ಅಧ್ಯಾಯ ಮುಗಿಯಲು ನಾಲ್ಕು ನಿಮಿಷ ಎಂದು
ತಳದಲ್ಲಿ ಸಣ್ಣಗೆ ಬರೆದು ತೋರಿಸುತ್ತದೆ.
ಪಾಪ, ಹೊಸದು.
ಒಂದು ವಾರ ಜೊತೆಗೆ ತಿರುಗಲಿ, ತಿಳಿಯುತ್ತದೆ:
ಚಿಕ್ಕೀರಯ್ಯನ ಟೀ ಬೇಗ ಆರಿದರೆ ಅರ್ಧ ಪುಟ,
ಮುಂದೆ ಲಾರಿ ಅಡ್ಡ ನಿಂತರೆ
ಇಡೀ ಕಾದಂಬರಿ.