ಹಿತ್ತಾಳೆ ಅಕ್ಷರಗಳು

ಶುಕ್ರವಾರ ಸಂಜೆ ಗೆರೆ ಬಳಿಯಲು ಹೋದೆ.
ನೆಲ ಹೆಪ್ಪುಗಟ್ಟಿತ್ತು. ಬಣ್ಣ ಒಳಗಿಳಿಯಲೊಲ್ಲದು,
ಹುಲ್ಲಿನ ತುದಿಯಲ್ಲೇ ಕೂತು ನನ್ನನ್ನು ನೋಡಿತು.
ನೆಬ್ರಾಸ್ಕಾದ ನವೆಂಬರ್ ಕೊನೆ:
ಮುಸುಕಿನ ಜೋಳ ಕೊಯ್ದಾಗಿದೆ, ಕೂಳೆ ನಿಂತಿದೆ,
ರೈಲು ಹಳಿಯಾಚೆ ಕಾಳಿನ ಕಣಜದ ದೀಪ ಒಂದೇ.
ನೂರು ಗಜ. ಐದೈದು ಗಜಕ್ಕೊಂದು ಗೆರೆ.
ಮೂರು ಗೆಲುವು, ಏಳು ಸೋಲು.
ಗೆರೆಗೇನು ಗೊತ್ತು, ನೆಟ್ಟಗೆ ಬಂತು.

ಶನಿವಾರ ಕೊನೆಯ ಆಟ.
ಹಿರಿಯ ಹುಡುಗರು ತಾಯಂದಿರ ಕೈಗೆ ಹೂ ಕೊಟ್ಟರು,
ಹೂವಿನಂಗಡಿಯ ಬಿಲ್ಲು ಇನ್ನೂ ನನ್ನ ಜೇಬಿನಲ್ಲಿದೆ.
ಬ್ಯಾಂಡಿನವರ ತುಟಿ ತುತ್ತೂರಿಗೆ ಅಂಟಿಕೊಂಡಿತು.
ಗ್ಯಾಲರಿಯಲ್ಲಿ ಕಂಬಳಿ ಹೊದ್ದ ಆರುನೂರು ಜನ,
ಅವರಲ್ಲಿ ಮುನ್ನೂರು ಜನ ಕೋಚುಗಳು.

ಮೂರು ಅಂಕ ಹಿಂದೆ ನಾವು, ಒಂಬತ್ತು ಸೆಕೆಂಡು ಬಾಕಿ,
ನಾಲ್ಕನೇ ಪ್ರಯತ್ನ, ಗೋಲಿನ ಗೆರೆಗೆ ಒಂದೂವರೆ ಗಜ.
ಒದ್ದರೆ ಸಮ. ಓಡಿದರೆ ಗೆಲುವು,
ಇಲ್ಲವೇ ಮನೆ.
ಹಾಸ್ಟೆಟ್ಲರ್ ಕೈಯಲ್ಲಿದ್ದ ಕಾರ್ಡು ನೋಡಲಿಲ್ಲ,
ಬೆಂಚಿನ ಕಡೆ ನೋಡಿದ, ಯಾರನ್ನೋ ಕರೆದ, ಓಡು ಅಂದ.
ಮೇಲೆ ಮೇಲೆ ಬಿದ್ದ ಮೈಗಳ ರಾಶಿ.
ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದರೆ
ಅಡಿಯಲ್ಲಿ ಚೆಂಡು,
ನಾನು ಬಳಿದ ಗೆರೆಗೆ ಒಂದು ಗೇಣು ಈಚೆ.
ಗೆರೆಯನ್ನು ಇನ್ನಷ್ಟು ದಪ್ಪ ಬಳಿದಿದ್ದರೆ ಎಂದು
ರಾತ್ರಿಯೆಲ್ಲ ಅಂಗೈ ಬಿಡಿಸಿ ಅಳೆದುಕೊಂಡೆ.

ಭಾನುವಾರ ಬೆಳಗ್ಗೆ ಏಳಕ್ಕೆ ಅವನನ್ನು ಕರೆದರು,
ಏಳೂ ಹತ್ತಕ್ಕೆ ನನ್ನನ್ನು.
ಡೈರೆಕ್ಟರ್ ಮಾತು ಚೊಕ್ಕ:
"ಹೊಸ ದಿಕ್ಕು, ಸ್ಟಾನೆಕ್. ಬಾಗಿಲ ಹೆಸರು ತೆಗಿ.
ಹತ್ತಕ್ಕೆ ಚರ್ಚು ಬಿಡುತ್ತೆ, ಅಷ್ಟರೊಳಗೆ."
ಎರಡು ವರ್ಷದ ಹಿಂದೆ ಒಂಬತ್ತು ಆಟ ಗೆದ್ದಾಗ
ಇದೇ ಮನುಷ್ಯ ಅವನ ಹೆಗಲ ಮೇಲಿಟ್ಟ ಕೈ ತೆಗೆದದ್ದೇ ಇಲ್ಲ.
ಗೆದ್ದೆತ್ತಿನ ಬಾಲ ಹಿಡಿಯುವವರಿಗೆ
ಎತ್ತು ಯಾವುದಾದರೇನು,
ಬಾಲವಿದ್ದರೆ ಸಾಕು.

ಒಂಬತ್ತು ಹಿತ್ತಾಳೆ ಅಕ್ಷರ, ಹದಿನೆಂಟು ತಿರುಪು.
ಒಳಗೆ ಅವನು ರಟ್ಟಿನ ಪೆಟ್ಟಿಗೆ ತುಂಬುತ್ತಿದ್ದ,
ಹೊರಗೆ ನಾನು ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದೆ,
ಬಾಗಿಲ ಎರಡೂ ಬದಿಗೆ ಒಂದೇ ಕೆಲಸ.
"ಆ ಎಚ್ ಸಡಿಲ ಇತ್ತು. ಹೇಳಬೇಕು ಅಂತಿದ್ದೆ" ಎಂದ.
"ಗೊತ್ತಿತ್ತು" ಎಂದೆ.
ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದೆವು.

ಸಂಜೆ ಪ್ರಶಸ್ತಿಯ ಊಟ, ಲುಥೆರನ್ ಚರ್ಚಿನ ನೆಲಮಾಳಿಗೆ.
ಮಾಂಸಕ್ಕೆ ಮುಂಗಡ ಕೊಟ್ಟಾಗಿತ್ತು, ರದ್ದು ಮಾಡುವಂತಿರಲಿಲ್ಲ.
ಫಲಕಗಳ ಮೇಲೆಲ್ಲ ಅವನದೇ ರುಜು, ಗುರುವಾರ ಹಾಕಿದ್ದು.
ಅದು ಈಗ ಸಲ್ಲುತ್ತದೋ ಎಂದು ಯಾರೋ ಕೇಳಿದರು.
ಉತ್ತರಕ್ಕೆ ಬದಲು ಗ್ರೇವಿಯ ಬಟ್ಟಲು ದಾಟಿ ಬಂತು.
ಉತ್ತಮ ಓಟಗಾರ, ಚಪ್ಪಾಳೆ. ಉತ್ತಮ ತಡೆಗಾರ, ಚಪ್ಪಾಳೆ.
ಕೊನೆಗೆ ಟೀಗ್ ವಾವ್ರಾ:
ನಾಲ್ಕು ವರ್ಷ ಒಂದು ದಿನವೂ ಅಭ್ಯಾಸ ತಪ್ಪಿಸದವನು,
ಆಡಿದ್ದು ಒಟ್ಟು ಆರು ಸೆಕೆಂಡು, ಅದೂ ನಿನ್ನೆ,
ಆ ರಾಶಿಯ ಅಡಿಯಲ್ಲಿ ಚೆಂಡು ತಬ್ಬಿ ಮಲಗಿದ್ದವನು.
ಹುಡುಗ ಹೆಬ್ಬೆರಳಿನಿಂದ ರುಜುವನ್ನು ಉಜ್ಜಿ ನೋಡಿದ.
ಅಳಿಸಲಿಲ್ಲ.
ಪೆನ್ನು ನಾನು ಕೊಟ್ಟದ್ದು.

ಬುಧವಾರ ಹೊಸಬನ ಹೆಸರು ಬಂತು: ಕ್ವಾರ್ಲ್ಸ್.
ಟೆನೆಸ್ಸಿಯವನು, ನಗು ಚೆನ್ನಾಗಿದೆ.
ಬಿಸ್ಕತ್ತಿನ ತಗಡು ಡಬ್ಬಿಯನ್ನು ಮೇಜಿಗೆ ಸುರಿದೆ.
ಹತ್ತೊಂಬತ್ತು ವರ್ಷ, ಆರು ಕೋಚು.
ಈ ಆರ್ ಒಂದೇ ಐದು ಜನರ ಹೆಸರಿನಲ್ಲಿ ದುಡಿದಿದೆ.
ಎಲ್, ಇ, ಎಸ್ ಮೊನ್ನೆ ಇಳಿಸಿದವೇ ಸಿಕ್ಕವು,
ಯು ಮತ್ತು ಎ ತಳದಲ್ಲಿ ಕಪ್ಪಾಗಿ ಬಿದ್ದಿದ್ದವು.
ಕ್ಯೂ ಇಲ್ಲ. ಈ ಊರಿಗೆ ಕ್ಯೂ ಎಂದೂ ಬಂದಿರಲೇ ಇಲ್ಲ.
ತರಿಸಲು ಎರಡು ವಾರ, ಫೋಟೋ ನಾಳೆಗೆ.

ಹಾಸ್ಟೆಟ್ಲರನ ಓ ತೆಗೆದುಕೊಂಡೆ,
ಮೊಳೆಯೊಂದನ್ನು ಬಗ್ಗಿಸಿ ಬುಡಕ್ಕೆ ಬೆಸುಗೆ ಹಾಕಿದೆ.
ಹತ್ತಿರದಿಂದ ನೋಡಿದರೆ ತಿಳಿಯುತ್ತದೆ,
ಹತ್ತಿರದಿಂದ ಯಾರೂ ನೋಡುವುದಿಲ್ಲ.
ಡೈರೆಕ್ಟರ್ ಬಂದು ಬಾಗಿಲ ಮುಂದೆ ನಿಂತ,
ಹೊಸಬನ ಹೆಗಲ ಮೇಲೆ ಕೈ.
ಕ್ಯಾಮೆರಾ ಮಿಂಚಿತು.
ನನ್ನ ಕಣ್ಣು ಮೊಳೆಯ ಮೇಲಿತ್ತು:
ಬಾಲ ಭದ್ರವಾಗಿದೆ.